ಬುಧವಾರ ಹೊರಗೆ ಕುಂತವರು

ವೀಕ್ಷಣೆಗೆ ಹೋದವರು ಬಾಯಿ ತೆರೆಯುವ ಹಾಗಿರಲಿಲ್ಲ. ವರ್ಗದ ಹಿಂದಿನ ಗೋಡೆಗೆ ಬೆನ್ನು ಹಚ್ಚಿ ಕೂಡಬೇಕು. ಮಕ್ಕಳ ಮುಖ ನೋಡಿ ನಗಬಾರದು. ಬೋರ್ಡಿಗೆ ಬರೆಯುವ ಖಡು ಮುಟ್ಟಬಾರದು. ಕಲಿಸುವವರು ಏನೇ ತಪ್ಪು ಹೇಳಿದರೂ ಅಲ್ಲಿ ತಿದ್ದಬಾರದು, ಮರುದಿನ ಚರ್ಚೆಯ ತಾಸಿನಲ್ಲಿ ಹೇಳಬೇಕು. ತರಬೇತಿ ಶಾಲೆಯಲ್ಲಿ ನಮಗೆ ಬೋಧನಾ ಪದ್ಧತಿ ಕಲಿಸುತ್ತಿದ್ದ ಸರ್ ಇದನ್ನು ಒಬ್ಬೊಬ್ಬರ ಬಾಯಿಂದಲೂ ಹೇಳಿಸಿ ಒಪ್ಪಿಸಿಕೊಂಡಿದ್ದರು.

‘ನೀವು ಗ್ವಾಡಿ ಇದ್ದಂಗ. ಗ್ವಾಡಿಗಿ ಕಣ್ಣು ಅವ, ಬಾಯಿ ಇಲ್ಲ. ತಿಳೀತಿಲ್ಲೋ?’

‘ತಿಳೀತ್ರಿ ಸರ್,’ ಅಂದೆವು. ನಾನೂ ಅಂದೆ.

ಎಪ್ಪತ್ತರ ದಶಕದ ಮಾತು ಇದು. ನಾನು ವಾಡಿಯಲ್ಲಿ ಅಕ್ಕನ ಮನೆಯಲ್ಲಿದ್ದು, ಶಹಾಬಾದಿನ ತರಬೇತಿ ಶಾಲೆಗೆ ದಿನಾ ಪ್ಯಾಸೆಂಜರ್ ಗಾಡಿಯಲ್ಲಿ ಹೋಗಿ ಬಂದು ಮಾಡುತ್ತಿದ್ದೆ. ಭಾವ ರೇಲ್ವೆಯಲ್ಲಿದ್ದರು, ಗಾಡಿ ತಡವಾಗಿದ್ದರೆ ಮೊದಲೇ ಸುದ್ದಿ ಸಿಗುತ್ತಿತ್ತು, ಅಷ್ಟೊತ್ತು ಅಕ್ಕನ ಜೊತೆ ರೊಟ್ಟಿ ಬಡಿಯುತ್ತಿದ್ದೆ. ಎರಡು ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ ಕಟ್ಟಿಕೊಂಡು ಹೊರಟರೆ ಸಂಜೆಯ ಗಾಡಿಗೇ ತಿರುಗಿ ಬರುವುದು. ಚಿತ್ತಾಪುರದಿಂದ ಕಳಿಸುವಾಗ ಅಪ್ಪ ಒಂದೇ ಮಾತು ಹೇಳಿದ್ದ. ‘ಕಲಿಯೋದು ಒಂದ ಸಲಕ್ಕ ಮುಗೀಬೇಕು. ನಡುವ ಎಲ್ಲೆರ ನಿಂತಿ ಅಂದ್ರ, ಸೇಡಮಿನವರು ಹೂಂ ಅಂತ ಕುಂತಾರ, ಲಗ್ನ ಮಾಡಿ ಕೈ ತೊಳ್ಕೋತೀನಿ.’ ಸೇಡಮಿನವರೆಂದರೆ ವರನ ಕಡೆಯವರು. ಆ ಹುಡುಗನನ್ನು ನಾನು ನೋಡಿರಲಿಲ್ಲ, ನೋಡುವ ಅವಸರವೂ ಇರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದು ವರ್ಗ, ಒಂದು ಬೋರ್ಡು, ನನ್ನ ಕೈಯಲ್ಲಿ ಖಡು.

ಅದಕ್ಕೆ ಮೂರು ಹೊಸ್ತಿಲು ದಾಟಬೇಕಿತ್ತು. ಮೊದಲು ಕೆಲವು ಬುಧವಾರಗಳ ವೀಕ್ಷಣೆ. ಆಮೇಲೆ ಎಲ್ಲರ ಮುಂದೆ ಒಂದೇ ಒಂದು ಪಾಠ ಮಾಡಿ ತೋರಿಸುವುದು. ಅದರಲ್ಲಿ ಪಾಸಾದವರನ್ನು ಪೂರ್ಣ ಬೋಧನಾಭ್ಯಾಸಕ್ಕೆ ಒಂದೊಂದು ಊರಿನ ಶಾಲೆಗೆ ಕಳಿಸುತ್ತಿದ್ದರು. ಅದಾಗದೆ ಸರ್ಟಿಫಿಕೇಟ್ ಇಲ್ಲ.

ವೀಕ್ಷಣೆಗೆ ನಮಗೆ ಕೊಟ್ಟ ಶಾಲೆ ಊರ ಹೊರಗೆ, ಕಲ್ಲಿನ ಖಣಿಗಳ ಮಗ್ಗುಲಿಗೆ ಇತ್ತು. ಗೋಡೆ ಚಪ್ಪಟೆ ಫರಸಿ ಕಲ್ಲು, ನೆಲ ಫರಸಿ, ಮಾಳಿಗೆಗೂ ಫರಸಿ. ಪಾಟಿ ಇಲ್ಲದ ಮಕ್ಕಳು ಖಡುವಿನ ಚೂರಿನಿಂದ ನೆಲದ ಕಲ್ಲಿನ ಮೇಲೆಯೇ ಬರೆದು ಹಸಿ ಅರಿವೆಯಿಂದ ಒರೆಸುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಕಲ್ಲು. ಪಕ್ಕದವನ ಕಲ್ಲಿಗೆ ಕಾಲು ಹೋದರೆ ಜಗಳ. ನಾವು ನೋಡಬೇಕಾಗಿದ್ದ ಮೂರನೇತ್ತವನ್ನು, ಅಂದರೆ ಮೂರನೆಯ ವರ್ಗವನ್ನು, ಹೆಡ್ ಮಾಸ್ತರರೇ ತೆಗೆದುಕೊಳ್ಳುತ್ತಿದ್ದರು. ಬಿಳಿ ಧೋತರ, ಕರಿ ಟೊಪಿಗಿ, ಅಂಗಿಯ ಜೇಬಿನಲ್ಲಿ ಯಾವಾಗಲೂ ಮಕ್ಕಳಿಗೆಂದು ಹುರಿದ ಶೇಂಗಾ.

ಮೊದಲ ಬುಧವಾರ ಅವರು ಗಿಡದ ಭಾಗಗಳ ಪಾಠ ಮಾಡಿದರು. ಪ್ರಶ್ನೆ ಮುಗಿಯುವ ಮೊದಲೇ ಕೈಗಳು ಏಳುತ್ತಿದ್ದವು. ಬೇರಿನ ಪ್ರಶ್ನೆ, ಕಾಂಡದ ಪ್ರಶ್ನೆ, ಎಲೆಯ ಪ್ರಶ್ನೆ ಹೀಗೆ ಸಾಲು. ನಡುವೆ ಅವರಿಗೆ ಕೆಮ್ಮು ಬಂತು. ಕೆಮ್ಮಿ, ನೀರು ಕುಡಿದು, ಬೇರನ್ನು ಮರೆತು ನೇರವಾಗಿ ಕೇಳಿದರು: ‘ಎಲೆ ಏನು ಮಾಡ್ತದ?’

ಮುಂದೆ ಕುಂತಿದ್ದ ಹುಡುಗ ಎದ್ದು ನಿಂತು ಗಟ್ಟಿಯಾಗಿ ಹೇಳಿದ: ‘ನೆಲದೊಳಗಿನ ನೀರು ಹೀರ್ತದ್ರಿ.’

‘ಭೇಷ್. ಕುಂದ್ರು.’

ನನಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದು ನಾನೊಬ್ಬಳೇ. ಸರ್ ಕತ್ತು ಹೊರಳಿಸಿ ನೋಡಿದರು, ನಾನು ಸೆರಗು ಬಾಯಿಗೆ ಒತ್ತಿಕೊಂಡೆ. ಉರು ಹಾಕಿಸಿದ್ದಾರೆ ಅನ್ನುವುದು ಗೊತ್ತಾಯಿತು, ಆದರೆ ಅದೇನು ದೊಡ್ಡದೆನಿಸಲಿಲ್ಲ. ಬೀಗರು ಬರುವ ದಿನ ನಾವೂ ಅಂಗಳ ಬಳಿಯುವುದಿಲ್ಲವೇ?

ಎರಡನೆಯ ಬುಧವಾರ ನನ್ನ ಗಾಡಿ ತಡವಾಯಿತು. ತರಬೇತಿ ಶಾಲೆಗೆ ಹೋಗಿ ಎಲ್ಲರ ಜೊತೆ ಸಾಲಿನಲ್ಲಿ ಬರುವಷ್ಟು ಹೊತ್ತಿರಲಿಲ್ಲ. ಸ್ಟೇಷನ್ನಿನಿಂದ ಖಣಿಯ ದಾರಿ ಹಿಡಿದು ನೇರವಾಗಿ ಹೋದೆ, ಅದು ಹತ್ತಿರದ ದಾರಿಯಾಗಿದ್ದರಿಂದ ಎಲ್ಲರಿಗಿಂತ ಮೊದಲು ಮುಟ್ಟಿದೆ. ಹೆಡ್ ಮಾಸ್ತರರು ಮೂರನೇತ್ತದ ಬಾಗಿಲಲ್ಲಿ ನಿಂತಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಎದುರು ಬರುತ್ತಿದ್ದರು.

‘ನೀ ಒಳಗ. ನೀ ಒಳಗ. ನೀ ಹೊರಗ. ನೀ ಒಳಗ. ಏ, ನೀನೂ ಹೊರಗಲ್ಲೇನೋ, ಮರತ್ಯಾ?’

ಮೊರದಲ್ಲಿ ತೊಗರಿಬ್ಯಾಳಿ ಹಸನು ಮಾಡುವಾಗ ಬೆರಳು ತಾನೇ ಹರಳು ಹುಡುಕುತ್ತದೆ ನೋಡಿ, ಹಾಗಿತ್ತು ಅವರ ಕೈ. ಹೊರಗೆ ಬಂದ ಹತ್ತು ಹನ್ನೊಂದು ಮಕ್ಕಳು ಅಳಲಿಲ್ಲ, ಕೇಳಲಿಲ್ಲ. ಶಾಲೆಯ ಹಿಂದೆ ಒಡೆದ ಫರಸಿ ಒಟ್ಟಿದ್ದ ಜಾಗಕ್ಕೆ ಹೋಗಿ ಕಲ್ಲಾಟ ಹೂಡಿದರು. ನಾನು ಅವರ ಹಿಂದೆ ಹೋದೆ. ಒಂದು ಜಡೆಗೆ ರಿಬ್ಬನ್ನು, ಇನ್ನೊಂದಕ್ಕೆ ಸುತಳಿ ಕಟ್ಟಿಕೊಂಡ ಹುಡುಗಿಯೊಬ್ಬಳು ಆಟಕ್ಕೆ ಮುಖಂಡಳಾಗಿದ್ದಳು.

‘ಯಾಕ ಹೊರಗ ಕುಂತೀರಿ?’ ಅಂದೆ.

‘ಇವತ್ತ ಬುಧವಾರ ಅಲ್ಲೇನ್ರಿ.’

‘ಬುಧವಾರ ಆದ್ರ ಏನಾತು?’

‘ಬುಧವಾರ ಮಂದಿ ನೋಡ್ಲಿಕ್ಕ ಬರ್ತಾರ್ರಿ. ಉತ್ತರ ಬರಲಾರದವರು ಹೊರಗ.’ ಹರಳು ಮೇಲೆ ಹಾರಿಸಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಆ ಮಂದಿ ನೀವೇ ಅಲ್ಲೇನ್ರಿ?’

ನಾನು ತಿರುಗಿ ಬಂದು ಹೆಡ್ ಮಾಸ್ತರರನ್ನೇ ಕೇಳಿದೆ. ಅವರು ಸಿಟ್ಟಾಗಲಿಲ್ಲ. ಜೇಬಿನಿಂದ ನಾಲ್ಕು ಶೇಂಗಾ ತೆಗೆದು ನನ್ನ ಕೈಗೂ ಹಾಕಿದರು.

‘ನೋಡವ್ವ ತಂಗಿ, ಅವಕ್ಕ ಬರೂದಿಲ್ಲ. ಖಣ್ಯಾಗ ದುಡಿಯೋರ ಮಕ್ಕಳು, ಎರಡು ದಿನ ಬರ್ತಾವ, ನಾಕು ದಿನ ಬರೂದಿಲ್ಲ. ಒಳಗ ಕುಂದ್ರಿಸಿದ್ರ ನಿಮ್ಮ ಸರ್ ಎಬ್ಬಿಸಿ ಕೇಳ್ತಾರ. ಅವು ಬಾಯಿ ಮುಚಗೊಂಡು ನಿಂದ್ರತಾವ. ಇಷ್ಟು ಮಂದಿ ಮುಂದ ಮಾನ ಹೋಗ್ತದ. ಹೊರಗಾದ್ರ ಆಡ್ಕೋತ ಇರ್ತಾವ. ನಾ ಮಕ್ಕಳ ಮಾನ ಉಳಸ್ಲಿಕತ್ತೀನಿ.’

ಅವರು ಸುಳ್ಳು ಹೇಳುತ್ತಿರಲಿಲ್ಲ, ಅದನ್ನು ಖರೇ ನಂಬಿದ್ದರು. ಅದಕ್ಕೇ ನನಗೆ ಸಿಟ್ಟು ಇನ್ನಷ್ಟು ಬಂತು.

ಮರುದಿನ ಚರ್ಚೆಯ ತಾಸಿನಲ್ಲಿ ಎಲ್ಲರೂ ಪಾಠದ ಗುಣ ಹೇಳಿದರು. ಪೀಠಿಕೆ ಚೆನ್ನಾಗಿತ್ತು, ಪ್ರಶ್ನೆಗಳು ಚೆನ್ನಾಗಿದ್ದವು, ಬೋರ್ಡಿನ ಅಕ್ಷರ ದುಂಡಗಿದ್ದವು. ನನ್ನ ಸರದಿ ಬಂದಾಗ ಎದ್ದು ನಿಂತೆ.

‘ಸರ್, ಅರ್ಧ ವರ್ಗ ಹೊರಗಿತ್ತು. ನಾವು ನೋಡಿದ್ದು ಯಾರ ಪಾಠ?’

‘ನೀವು ಹೋಗಿದ್ದು ಪಾಠ ನೋಡ್ಲಿಕ್ಕ. ಹಾಜರಿ ತಗೊಳ್ಳಿಕ್ಕಲ್ಲ.’

ಎಲ್ಲರೂ ನಕ್ಕರು. ನಾನು ಕೂಡಲಿಲ್ಲ. ‘ಬರೋ ಮಕ್ಕಳಿಗಿ ಹ್ಯಾಂಗ ಕಲಸಬೇಕು ಅಂತ ನೋಡಿದ್ವಿ ಸರ್. ಬರಲಾರದ ಮಕ್ಕಳಿಗಿ ಹ್ಯಾಂಗ ಕಲಸಬೇಕು ಅಂತ ಎಲ್ಲಿ ನೋಡೂದು?’

‘ನಿನ್ನ ನೌಕರಿ ಆದ ಮ್ಯಾಲ,’ ಅಂದರು ಸರ್. ‘ಆಗ ಬೇಕಾದಷ್ಟು ಸಿಗ್ತಾವ. ಈಗ ಕುಂದ್ರು.’

ಮೂರನೆಯ ಬುಧವಾರ ನಾನು ಬೇಕೆಂದೇ ಮೊದಲು ಹೋಗಿ, ಫರಸಿ ಒಟ್ಟಿನ ಹಿಂದಿದ್ದ ಮಕ್ಕಳನ್ನು ಕರೆದುಕೊಂಡು ಬಂದು ಒಳಗೆ ಕೂಡಿಸಿದೆ. ಹೆಡ್ ಮಾಸ್ತರರು ಬಂದವರೇ ಕಣ್ಣಿನಲ್ಲೇ ಅವರನ್ನು ಎಬ್ಬಿಸಿದರು. ಮಕ್ಕಳು ಎದ್ದು ಹೊರಟರು, ಹೋಗುವಾಗ ಸುತಳಿ ಜಡೆಯ ಹುಡುಗಿ ನನಗೆ ಕೇಳಿಸುವಂತೆ ಅಂದಳು: ‘ಸುಮ್ಮ ಆಟ ಕೆಡಿಸಿದ್ರು.’ ಅಷ್ಟರಲ್ಲಿ ಸರ್ ಬಂದಿದ್ದರು.

‘ಗ್ವಾಡಿಗಿ ಕಾಲು ಬಂದಾವೇನು?’ ಅಂದರು. ‘ಇನ್ನೊಮ್ಮೆ ಹಿಂಗ ಮಾಡಿದ್ರ ನಿನ್ನೂ ಅವರ ಜೋಡಿ ಹೊರಗ ಕುಂದ್ರಸ್ತೀನಿ.’

‘ಇನ್ನೊಮ್ಮೆ ಯಾಕ್ರಿ ಸರ್, ಈಗೇ ಹೋಗ್ತೀನಿ. ಅಲ್ಲಿ ನೋಡೂದು ಭಾಳ ಅದ.’

ಅದು ನನ್ನ ಬಾಯಿಂದ ಹ್ಯಾಗೆ ಬಂತೋ. ಬಂದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಮನಸ್ಸು ಆಗಲಿಲ್ಲ. ಕೂಡಲಿಕ್ಕೆ ತಂದಿದ್ದ ಕೌದಿಯ ತುಂಡನ್ನು ಬಗಲಲ್ಲಿ ಇಟ್ಟುಕೊಂಡು ಹೊರಗೆ ಹೋದೆ.

ಆ ದಿನ ನಾನು ಮಾಡಿದ್ದೇ ಖರೆ ವೀಕ್ಷಣೆ ಎಂದು ಈಗಲೂ ಹೇಳುತ್ತೇನೆ. ಕಲ್ಲಾಟದಲ್ಲಿ ಹತ್ತರೊಳಗಿನ ಲೆಕ್ಕ ಎಲ್ಲರಿಗೂ ಬೆರಳ ತುದಿಯಲ್ಲಿತ್ತು. ಎಂಟರಲ್ಲಿ ಮೂರು ಹೋದರೆ ಐದು, ಥಟ್ಟನೆ ಬರುತ್ತಿತ್ತು. ಹರಳು ಹತ್ತು ದಾಟಿತೋ ಜಗಳ. ಹದಿಮೂರರಲ್ಲಿ ಐದು ತೆಗೆಯಬೇಕಾದಾಗ ಬೆರಳು ಮುಗಿದು, ಬೇರೆಯವರ ಬೆರಳು ಹಿಡಿದು, ಅವರು ಕೈ ಕೊಸರಿಕೊಂಡು, ಎಲ್ಲ ಕಲಸಿ ಹೋಗುತ್ತಿತ್ತು. ಇವರಿಗೆ ಬರುವುದಿಲ್ಲ ಅನ್ನುವುದು ತಪ್ಪು. ಎಲ್ಲಿಯವರೆಗೆ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅನ್ನುವುದು ನನಗೆ ಅಲ್ಲಿ ಕಂಡಿತು. ನನ್ನ ಒಂಟಿ ಪಾಠಕ್ಕೆ ಏನು ತೆಗೆದುಕೊಳ್ಳಬೇಕು ಎಂಬುದು ಆ ಕಲ್ಲಿನ ಒಟ್ಟಿನ ಹಿಂದೆಯೇ ಗೊತ್ತಾಯಿತು: ದಶಕ ಬಿಡಿಸಿ ಕಳೆಯುವ ಲೆಕ್ಕ.

ಮುಂದಿನ ಬುಧವಾರ ಸುತಳಿ ಜಡೆಯ ಹುಡುಗಿ ಇರಲಿಲ್ಲ. ಉಳಿದವರನ್ನು ಕೇಳಿದೆ. ‘ಆಕಿ ಖಣಿಗಿ ಹೋಗ್ಯಾಳ್ರಿ, ಚಿಪ್ಪು ಹೊರ್ಲಿಕ್ಕ,’ ಅಂದರು. ಹೊರಗೆ ಕುಂತು ಆಡುವುದಕ್ಕಿಂತ ಅವ್ವನ ಜೋಡಿ ನಾಲ್ಕು ಬುಟ್ಟಿ ಕಲ್ಲಿನ ಚಿಪ್ಪು ಹೊರಲಿ ಎಂದು ಮನೆಯವರು ಲೆಕ್ಕ ಹಾಕಿದ್ದರು. ಬುಧವಾರ ಶಾಲೆ ತಪ್ಪಿಸಿದ್ದು ಆಮೇಲೆ ಗುರುವಾರಕ್ಕೂ ಹಬ್ಬಿತು.

ಆ ಬುಧವಾರ ಸಂಜೆ ಅಕ್ಕನಿಗೆ ಎಲ್ಲ ಹೇಳಿದೆ. ಆಕೆ ಒಲೆ ಊದುತ್ತಲೇ ಕೇಳಿದಳು.

‘ನೀ ಮೊದಲ ಪಾಸಾದ ಕಾಗದ ಕೈಯಾಗ ತಗೋ. ಆಮ್ಯಾಲ ಊರ ಮಕ್ಕಳನ್ನೆಲ್ಲಾ ಒಳಗ ಕುಂದ್ರಿಸಕೋ. ಈಗ ಸುಮ್ಮ ಕುಂದ್ರು.’

‘ಎಲ್ಲಾರೂ ಹಂಗೇ ಅಂದಿರ್ತಾರಕ್ಕ. ಹೆಡ್ ಮಾಸ್ತರ್ರೂ ಒಂದ ಕಾಲಕ್ಕ ಹಂಗೇ ಅಂದಿರಬೇಕು.’

‘ಸೇಡಮಿನವರು ಕಾಯ್ಲಿಕತ್ತಾರ, ಗೊತ್ತದ ಅಲ್ಲ?’

‘ಕಾಯ್ಲಿ ಬಿಡು. ಗಾಡಿನೂ ಕಾಯ್ತಾರ ಮಂದಿ.’

ಪಾಠ ಯೋಜನೆಗೆ ಸಹಿ ಮಾಡಿಸಲು ಸರ್ ಹತ್ತಿರ ಹೋದಾಗ ಬಚ್ಚಿಟ್ಟು ಮಾಡುವುದು ಬೇಡವೆಂದು ನಿರ್ಧರಿಸಿದ್ದೆ. ಅವರು ಯೋಜನೆ ಓದಿದರು, ಒಂದು ಕಡೆ ಗೆರೆ ಎಳೆದು ತಿದ್ದಿದರು, ಸಹಿ ಮಾಡಲು ಪೆನ್ನಿನ ಟೊಪ್ಪಿಗೆ ತೆಗೆದರು.

‘ಸರ್, ನನ್ನ ಪಾಠಕ್ಕ ಇಡೀ ವರ್ಗ ಬೇಕು.’

ಪೆನ್ನು ನಿಂತಿತು. ‘ಮತ್ತ ಅದೇನು?’

‘ಹೊರಗ ಕುಂದ್ರೋ ಮಕ್ಕಳೂ ಒಳಗಿರಬೇಕು.’

‘ಪಾಠ ಕೆಡ್ತದ.’

‘ಕೆಡ್ಲಿ ಸರ್.’

‘ಕೆಟ್ರ ನೀ ಬೋಧನಾಭ್ಯಾಸಕ್ಕ ಹೋಗೂದಿಲ್ಲ. ಉಳದವರು ಹೋಗ್ತಾರ, ನೀ ಹಿಂದ ಉಳೀತಿ. ಮತ್ತ ಗ್ವಾಡಿಗಿ ಕುಂತು ವೀಕ್ಷಣಾ ಮಾಡಬೇಕು, ನನಗ ಸಾಕು ಅನ್ನಸೂ ತನಕ. ಒಪ್ಪಿಗಿ ಏನು?’

‘ಒಪ್ಪಿಗಿ ಸರ್.’

ಅವರು ಕೆಟ್ಟವರಲ್ಲ. ನನಗೆ ಹೆದರಿಕೆ ಹಾಕಿ ಉಳಿಸಬೇಕೆಂದೇ ಹೇಳಿದರು ಅನ್ನಿಸುತ್ತದೆ. ಆದರೆ ಹೆದರಿಸಿದರೆ ನನಗೆ ಕಿವಿ ಬಿಸಿಯಾಗುತ್ತದೆ, ಕಾಲು ಗಟ್ಟಿಯಾಗುತ್ತವೆ. ಚಿಕ್ಕಂದಿನಿಂದ ಹಾಗೆ.

ಅಕ್ಕನ ಹಿತ್ತಲಿನಲ್ಲಿ ತೊಗರಿ ಕಟಿಗಿಯ ರಾಶಿ ಇತ್ತು. ಅದನ್ನು ಬೆರಳುದ್ದ ಮುರಿದು, ಹತ್ತತ್ತು ಕಡ್ಡಿಗೆ ದಾರ ಸುತ್ತಿ ಕಟ್ಟು ಕಟ್ಟಿದೆ. ಮುರಿದ ತುದಿ ಚುಚ್ಚಬಾರದೆಂದು ಕಲ್ಲಿಗೆ ಉಜ್ಜಿದೆ. ‘ಒಲಿಗಿ ಹಾಕೋ ಕಟಿಗಿಗಿ ಜಡಿ ಹಾಕಿ ಸಿಂಗಾರ ಮಾಡ್ಲಿಕತ್ತಿ,’ ಎಂದು ಅಕ್ಕ ಬೈದಳು. ಬೈಯುತ್ತಲೇ ಕುಂತು ತಾನೂ ನಾಲ್ಕು ಕಟ್ಟು ಕಟ್ಟಿದಳು.

ಪಾಠದ ಹಿಂದಿನ ದಿನ ಖಣಿಗೆ ಹೋದೆ. ಸುತಳಿ ಜಡೆಯ ಹುಡುಗಿಯ ಅವ್ವ ಉಳಿ ಸುತ್ತಿಗೆ ಹಿಡಿದು ಫರಸಿಯ ಅಂಚು ಬಿಡಿಸುತ್ತಿದ್ದಳು. ಹುಡುಗಿ ಬುಟ್ಟಿ ಹೊತ್ತು ನಿಂತಿದ್ದಳು, ನನ್ನನ್ನು ನೋಡಿ ಮುಖ ತಿರುಗಿಸಿದಳು.

‘ನಾಳೆ ಕಳಸವ್ವ ಈಕೀನ್ನ.’

‘ನಾಳೆ ಬುಧವಾರ ಅಲ್ಲೇನ್ರಿ?’ ಅಂದಳು ಅವ್ವ. ‘ಬುಧವಾರ ಬ್ಯಾಡ ಅಂತಾರಲ್ಲ.’

‘ಈ ಬುಧವಾರ ಬೇಕು ಅಂತೀನಿ.’

ಆಕೆ ಸುತ್ತಿಗೆ ಕೆಳಗಿಟ್ಟು ನನ್ನ ಮುಖ ನೋಡಿದಳು. ‘ನೀವು ನಾಳೆ ಒಳಗ ಕುಂದ್ರಿಸಿ ನಾಡದ ಹೋಗಿಬಿಡ್ತೀರಿ. ಆಮ್ಯಾಲ?’

‘ಆಮ್ಯಾಲಿಂದು ನನಗೂ ಗೊತ್ತಿಲ್ಲವ್ವ. ನಾಳಿಂದು ಗೊತ್ತದ.’

ಅದಕ್ಕಿಂತ ದೊಡ್ಡ ಮಾತು ಕೊಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆಕೆ ಮತ್ತೆ ಸುತ್ತಿಗೆ ಎತ್ತಿಕೊಂಡಳು. ಮರುದಿನ ಹುಡುಗಿ ಬಂದಿದ್ದಳು, ಎರಡೂ ಜಡೆಗೆ ಸುತಳಿ ಕಟ್ಟಿಕೊಂಡು.

ವರ್ಗ ತುಂಬಿತು. ಹಿಂದಿನ ಗೋಡೆಗೆ ನಮ್ಮವರು, ನಡುವೆ ಕುರ್ಚಿಯಲ್ಲಿ ಸರ್, ಬಾಗಿಲಲ್ಲಿ ಹೆಡ್ ಮಾಸ್ತರರು. ಪೀಠಿಕೆ ಬರೊಬ್ಬರಿ ಆಯಿತು. ಆಮೇಲೆ ಮೂರು ಕಟ್ಟು, ಎರಡು ಬಿಡಿ ಕಡ್ಡಿ ನೆಲದ ಮೇಲಿಟ್ಟು, ಮೂವತ್ತೆರಡರಲ್ಲಿ ಹದಿನೈದು ತೆಗೆಯಬೇಕು ಎಂದೆ. ಮುಂದಿನ ಹುಡುಗ, ಬೇರಿನ ಉತ್ತರ ಎಲೆಗೆ ಕೊಟ್ಟವನೇ, ಕುಂತಲ್ಲಿಂದಲೇ ‘ಹದಿನೇಳು’ ಅಂದ.

‘ಹ್ಯಾಂಗ ಬಂತು?’

‘ಬಂತ್ರಿ.’

‘ಕಡ್ಡಿ ಹಿಡಿದು ತೋರಸು.’

ಅವನು ಎರಡು ಬಿಡಿ ಕಡ್ಡಿ ಹಿಡಿದು ನಿಂತ. ಎರಡರಲ್ಲಿ ಐದು ತೆಗೆಯಲು ಬಾರದು. ಕಡ್ಡಿ ಇಟ್ಟು ಕುಂತುಬಿಟ್ಟ. ನಾನು ಸುತಳಿ ಜಡೆಯವಳನ್ನು ಕರೆದೆ. ‘ಒಂದು ಕಟ್ಟು ಬಿಚ್ಚು,’ ಅಂದೆ. ಆಕೆ ಕಟ್ಟನ್ನು ಕೈಯಲ್ಲಿ ಹಿಡಿದಳು, ಬಿಚ್ಚಲಿಲ್ಲ.

‘ಬಿಚ್ಚು.’

‘ಬಿಚ್ಚಬಾರದ್ರಿ.’

‘ಯಾಕ?’

‘ಕಟಿಗಿ ಕಟ್ಟು ನಡುವ ಬಿಚ್ಚಬಾರದ್ರಿ. ಎಲ್ಲಾ ಚೆಲ್ಲಿ ಹೋಗ್ತಾವ. ಅವ್ವ ಹೊಡೀತಾಳ.’

ಹೊರಗೆ ಕೂಡುವ ಮಕ್ಕಳೆಲ್ಲ ತಲೆ ಆಡಿಸಿದರು. ಒಬ್ಬನಂತೂ, ‘ಹೌದ್ರಿ, ಬಿಚ್ಚಬಾರದ್ರಿ,’ ಎಂದು ಎದ್ದೇ ನಿಂತ. ಒಳಗಿನವರು ನಕ್ಕರು. ಹಿಂದಿನ ಗೋಡೆಯೂ ನಕ್ಕಿತು. ನನ್ನ ಯೋಜನೆಯಲ್ಲಿ ಈ ಮಾತಿಗೆ ಜಾಗವಿರಲಿಲ್ಲ. ಕೈಯಿಂದ ಕಸಿದು ನಾನೇ ಬಿಚ್ಚಬಹುದಿತ್ತು. ಬಿಚ್ಚಿದ್ದರೆ ಪಾಠ ಹೊತ್ತಿಗೆ ಮುಗಿಯುತ್ತಿತ್ತು, ನಾನು ಬೋಧನಾಭ್ಯಾಸಕ್ಕೆ ಚಿಂಚೋಳಿಗೋ ಸುಲೇಪೇಟಕ್ಕೋ ಹೋಗುತ್ತಿದ್ದೆ. ಸರ್ ಗಡಿಯಾರ ನೋಡುವುದು ಕಂಡಿತು. ನಾನು ಆ ಹುಡುಗಿಯ ಎದುರು ನೆಲದ ಮೇಲೆ ಕುಂತೆ.

‘ಮತ್ತ ಎಲ್ಲಿ ಬಿಚ್ಚತಾರ?’

‘ಮನಿಗಿ ಹೋದ ಮ್ಯಾಲ್ರಿ. ಒಲಿ ಮುಂದ.’

‘ಒಲಿ ಎಲ್ಲದ ಇಲ್ಲಿ?’

ಆಕೆ ನನ್ನ ಕೈಯಿಂದ ಖಡು ತೆಗೆದುಕೊಂಡು ಫರಸಿಯ ಮೇಲೆ ಒಲೆ ಬರೆದಳು. ನಾನು ನಡುವೆ ಒಂದು ಗೆರೆ ಎಳೆದೆ. ಗೆರೆಯ ಈ ಕಡೆ ಕಟ್ಟು ಒಟ್ಟುವ ಜಾಗ, ಆ ಕಡೆ ಒಲೆ. ಆ ಕಡೆ ಬಿಡಿ ಕಡ್ಡಿ ಮಾತ್ರ ಇರಬೇಕು, ಈ ಕಡೆ ಕಟ್ಟು ಮಾತ್ರ. ಒಲೆ ಮುಂದೆ ಕಡ್ಡಿ ಸಾಲದಾದರೆ ಒಂದು ಕಟ್ಟು ಎತ್ತಿಕೊಂಡು ಗೆರೆ ದಾಟಬೇಕು, ದಾಟಿದ ಮೇಲೆ ಬಿಚ್ಚಬಹುದು. ಆಕೆ ಕಟ್ಟು ತಲೆಯ ಮೇಲಿಟ್ಟುಕೊಂಡೇ ದಾಟಿದಳು. ಬಿಚ್ಚಿದಳು. ಹನ್ನೆರಡಾಯಿತು. ಐದು ತೆಗೆದಳು, ಏಳು. ಈ ಕಡೆ ಎರಡು ಕಟ್ಟು ಉಳಿದಿದ್ದವು, ಒಂದು ತೆಗೆದಳು. ‘ಒಂದು ಕಟ್ಟು, ಏಳು ಕಡ್ಡಿ’ ಅಂದಳು. ಹದಿನೇಳು ಅನ್ನಲಿಲ್ಲ. ಅದನ್ನು ಮುಂದಿನ ಹುಡುಗನೇ ಅಂದ. ತನ್ನ ಕಲ್ಲು ಬಿಟ್ಟು ಬಂದು ಬಗ್ಗಿ ಒಂದೊಂದಾಗಿ ಎಣಿಸಿ, ‘ಹೌದಲೇ, ಖರೇನೇ ಹದಿನೇಳು,’ ಅಂದ.

ಆಮೇಲೆ ಯಾರೂ ಅವರವರ ಕಲ್ಲಿನ ಮೇಲೆ ಉಳಿಯಲಿಲ್ಲ. ನೆಲದ ತುಂಬ ಒಲೆ. ನನಗೂ ಒಂದು ಕಟ್ಟು, ನನಗೂ ಎಂದು ಗದ್ದಲ. ಹೊರಗೆ ಕೂಡುತ್ತಿದ್ದ ಅಷ್ಟೂ ಮಕ್ಕಳಿಗೆ ತಿಳಿಯಿತೆಂದು ಹೇಳಲಾರೆ. ಮೂರು ನಾಲ್ಕು ಮಕ್ಕಳು ಸುಮ್ಮನೆ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು. ಪಾಠ ಯೋಜನೆಯ ಕೊನೆಯ ಎರಡು ಸೋಪಾನ ಉಳಿದಿರುವಾಗಲೇ ಗಂಟೆ ಹೊಡೆಯಿತು.

ಸರ್ ಗುಣ ಹಾಕುವ ಹಾಳೆ ಮಡಚಿದರು. ‘ವರ್ಗದ ಮ್ಯಾಲ ಹಿಡಿತ ಇಲ್ಲ. ಸೋಪಾನ ಪೂರ್ತಿ ಇಲ್ಲ. ಬೋರ್ಡು ಮುಟ್ಟೇ ಇಲ್ಲ.’

‘ಮಕ್ಕಳು ಕಲ್ತ್ರೋ ಇಲ್ಲೋ ಸರ್?’

‘ಅದು ಈ ಹಾಳ್ಯಾಗ ಇಲ್ಲ,’ ಅಂದರು.

ಆ ವಾರವೇ ನನ್ನ ಜೊತೆಯವರು ಟ್ರಂಕು ಹೊತ್ತು ಹೊರಟರು, ಕೆಲವರು ಸೇಡಂ ಕಡೆ, ಕೆಲವರು ಚಿಂಚೋಳಿ, ಚಿಮ್ಮನಚೋಡದ ಕಡೆ. ನನಗೆ ಸೋಮವಾರದಿಂದ ದಿನಾಲೂ ಅದೇ ಮೂರನೇತ್ತದ ಹಿಂದಿನ ಗೋಡೆ. ಅಪ್ಪನಿಗೆ ಸುದ್ದಿ ಮುಟ್ಟಿತು. ವಾಡಿಗೆ ಬಂದು ಕಟ್ಟೆಯ ಮೇಲೆ ಕುಂತ, ಒಳಗೂ ಬರಲಿಲ್ಲ.

‘ನಿಂತ್ಯಂತಲ್ಲ.’

‘ನಿಂತಿಲ್ಲಪ್ಪ. ದಿನಾ ಹೋಗ್ಲಿಕತ್ತೀನಿ.’

‘ಹೋಗಿ ಏನು ಮಾಡ್ತಿ?’

‘ಕುಂದ್ರತೀನಿ.’

ಅಪ್ಪ ‘ಯುಗಾದಿ ತನಕ ನೋಡ್ತೀನಿ,’ ಎಂದು ಚಹಾ ಕುಡಿದು ಹೋದ.

ಸೋಮವಾರ ನಾನು ಕೌದಿಯ ತುಂಡು ಹಾಸಿ ಕುಂತಾಗ ಹೆಡ್ ಮಾಸ್ತರರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತರು. ಆಮೇಲೆ ರೂಢಿಯ ಹಾಗೆ ಕೈ ತೋರಿಸಿದರು: ‘ನೀ ಹೊರಗ.’

‘ಇವತ್ತ ಸೋಮವಾರ ಅದರಿ,’ ಅಂದ ಹುಡುಗ.

‘ಗೊತ್ತದ, ಹೋಗು.’

ಸೋಮವಾರ ಆ ಮಕ್ಕಳು ಹೊರಗೆ ಹೋದರು. ಮಂಗಳವಾರವೂ ಹೋದರು. ಬುಧವಾರ ಹೇಗೂ ಬುಧವಾರ. ನಾನು ಒಂದು ಮಾತೂ ಆಡಲಿಲ್ಲ. ಈ ಸಲ ಗೋಡೆ ಅಂದರೆ ಗೋಡೆ. ಗುರುವಾರ ಮುಂಜಾನೆ ಸುತಳಿ ಜಡೆಯವಳ ಅವ್ವ ಖಣಿಯಿಂದ ಹಾಗೇ ಬಂದಳು, ತಲೆಯ ಮೇಲೆ ಕಲ್ಲಿನ ಧೂಳು, ಕೈಯಲ್ಲಿ ಉಳಿ.

‘ಮಾಸ್ತರ್ರಿ, ದಿನಾ ಹೊರಗೇ ಕುಂದ್ರೂದಾದ್ರ ಸಾಲಿ ಎದಕ್ರಿ? ಹೊರಗ ಕುಂದ್ರಲಿಕ್ಕ ನಮ್ಮ ಖಣೀನೂ ಅದ. ಹೆಸರು ಹೊಡದು ಬಿಡ್ರಿ.’

ಹೆಡ್ ಮಾಸ್ತರರು ಜೇಬಿಗೆ ಕೈ ಹಾಕಿದರು. ಶೇಂಗಾ ಕೊಡುವ ಹೊತ್ತು ಅದಾಗಿರಲಿಲ್ಲ. ಕೈ ಅಲ್ಲೇ ಉಳಿಯಿತು. ಒಮ್ಮೆ ನನ್ನ ಕಡೆ ನೋಡಿದರು, ಒಮ್ಮೆ ಆಕೆಯ ಕಡೆ. ‘ಒಳಗ ಹೋಗ್ರಿ ಎಲ್ಲಾರೂ,’ ಅಂದರು ಮಕ್ಕಳಿಗೆ.

ವಾರಕ್ಕೊಂದು ದಿನ ಮಕ್ಕಳನ್ನು ಹೊರಗೆ ಕಳಿಸಬಹುದು, ವಾರಕ್ಕೊಂದು ಪಾಠ ಉರು ಹಾಕಿಸಬಹುದು. ದಿನಾ ಒಬ್ಬಳು ಬಂದು ಕುಂತರೆ ಎಷ್ಟಂತ ಮಾಡುತ್ತಾರೆ? ಉರು ಹಾಕಿಸಿದ ಪಾಠಗಳು ಮೂರನೆಯ ದಿನಕ್ಕೇ ಮುಗಿದಿದ್ದವು. ಅಲ್ಲಿಂದ ಅವರು ಎಡವುತ್ತ, ಬೈಯುತ್ತ, ಮರಳಿ ಹೇಳುತ್ತ ಎಲ್ಲರಿಗೂ ಕಲಿಸಬೇಕಾಯಿತು. ಮುಂದೊಂದು ದಿನ ಮಕ್ಕಳು ಮನೆಗೆ ಹೋದ ಮೇಲೆ ಬೇರೆ ಎಲ್ಲೋ ನೋಡುತ್ತ ಕೇಳಿದರು: ‘ತಂಗಿ, ಆ ಒಲಿ ಲೆಕ್ಕ ಏನದು, ಜರಾ ತೋರಸು.’ ತೋರಿಸಿದೆ. ಮರುದಿನ ಅದನ್ನೇ ನನಗಿಂತ ಚಂದ ಮಾಡಿದರು. ಆದರೆ ನನ್ನ ಕಣ್ಣು ದಿನಾ ಬೆನ್ನ ಮೇಲಿರುವುದು ಅವರಿಗೆ ಆಗುತ್ತಿರಲಿಲ್ಲ. ಕೊನೆಗೆ ಅವರೇ ಸರ್‌ಗೆ ಹೇಳಿ ಕಳಿಸಿದರು.

ಸರ್ ಬಂದಾಗ ವರ್ಗ ತುಂಬಿತ್ತು. ಅವರು ಅದನ್ನು ನೋಡಿದರು.

‘ಸುಲೇಪೇಟದಾಗ ಒಂದು ಜಾಗಾ ಖಾಲಿ ಅದ. ನಾಳೆ ಹೊಂಡು. ಬೋಧನಾಭ್ಯಾಸ ಅಲ್ಲೇ ಮುಗಸು.’

ಯುಗಾದಿ ದೂರವಿರಲಿಲ್ಲ. ಹೂಂ ಅಂದರೆ ಮುಗಿಯುತ್ತಿತ್ತು.

‘ನನಗ ಇಲ್ಲೇ ಕೊಡ್ರಿ ಸರ್. ಇದೇ ವರ್ಗ.’

‘ಭಾಳ ಹಟಮಾರಿ ಇದ್ದಿ ನೀ.’

‘ಹೌದ್ರಿ ಸರ್.’

ಸರ್ ಹೆಡ್ ಮಾಸ್ತರರ ಕಡೆ ನೋಡಿದರು. ಅವರು ಟೊಪಿಗಿ ತೆಗೆದು ತಲೆ ತುರಿಸಿಕೊಂಡರು. ‘ಕೊಟ್ಟುಬಿಡ್ರಿ,’ ಅಂದರು. ‘ಈಕಿ ನನ್ನ ಹಿಂದ ಕುಂದ್ರೂದಕ್ಕಿಂತ ಮುಂದ ನಿಂತ್ರೇ ನನಗ ಆರಾಮ.’

ಹಾಗೆ ಖಡು ನನ್ನ ಕೈಗೆ ಬಂತು. ಯುಗಾದಿಯ ಹೊತ್ತಿಗೆ ಸೇಡಮಿನವರು ಬೇರೆ ಕಡೆ ನೆಂಟಸ್ತನ ಮಾಡಿದ್ದರು. ಅಪ್ಪ ಒಂದೆರಡು ದಿನ ಸಿಡುಕಿ ಸುಮ್ಮನಾದ.

ಇಷ್ಟರಲ್ಲಿ ಮತ್ತೆ ಒಂದು ಬುಧವಾರ ಬಂತು. ಸರ್ ಹೊಸ ತಂಡದವರನ್ನು ವೀಕ್ಷಣೆಗೆ ಕರೆತಂದರು, ಎಲ್ಲರೂ ಬಂದು ಗೋಡೆಗೆ ಸಾಲಾಗಿ ಕುಂತರು. ಅವರನ್ನು ನೋಡಿದ್ದೇ ಸುತಳಿ ಜಡೆಯವಳು ಕಲ್ಲು ಒರೆಸುವ ಅರಿವೆ ಮಡಚಿ ಎದ್ದಳು. ಆಕೆಯ ಹಿಂದೆ ಇನ್ನೂ ನಾಲ್ವರು ಎದ್ದರು.

‘ಎಲ್ಲಿ ಹೊಂಟೀರಿ?’

‘ಮಂದಿ ಬಂದಾರಲ್ರಿ ಟೀಚರ್ರಿ.’

‘ಬಂದ್ರ ಬರ್ಲಿ. ನಿಮ್ಮ ನಿಮ್ಮ ಕಲ್ಲಿನ ಮ್ಯಾಲ ಕುಂದ್ರಿ.’

ಕುಂತರು. ಅದನ್ನೆಲ್ಲ ಸರ್ ನೋಡಿದ್ದರು. ಪಾಠದ ನಡುವೆ ಕುರ್ಚಿಯಿಂದ ಎದ್ದು ಬಂದು ಆಕೆಯನ್ನೇ ಎಬ್ಬಿಸಿದರು. ‘ನಲವತ್ತೊಂದರಾಗ ಇಪ್ಪತ್ತಾರು ಹೋದ್ರ ಎಷ್ಟು?’

ಹೆಡ್ ಮಾಸ್ತರರು ಬಾಗಿಲಲ್ಲಿ ಕಣ್ಣು ಮುಚ್ಚಿಕೊಂಡರು.

‘ಇಪ್ಪತ್ತೈದ್ರಿ,’ ಅಂದಳು ಹುಡುಗಿ.

ಯಾರೋ ಕಿಸಕ್ಕೆಂದರು. ನಾನು ಬಾಯಿ ತೆರೆಯಲಿಲ್ಲ. ಆಕೆ ಸರ್ ಮುಖ ನೋಡಿದಳು, ತಪ್ಪಾಗಿದೆ ಅನ್ನುವುದು ಗೊತ್ತಾಯಿತು. ಬಾಗಿಲ ಕಡೆ ನೋಡಲಿಲ್ಲ.

‘ಜರಾ ನಿಂದ್ರಿ,’ ಅಂದಳು ಅವರಿಗೆ.

ಮೂಲೆಯ ಡಬ್ಬಿಯಿಂದ ನಾಲ್ಕು ಕಟ್ಟು, ಒಂದು ಕಡ್ಡಿ ತಂದು ನೆಲಕ್ಕೆ ಇಟ್ಟಳು, ಗೆರೆ ಎಳೆದಳು. ಒಂದು ಕಟ್ಟು ಎತ್ತಿಕೊಂಡು ಗೆರೆ ದಾಟಿ ಕುಂತಳು. ಗಂಟು ಬಿಗಿಯಾಗಿತ್ತು, ಬೆರಳಿಗೆ ಬರಲಿಲ್ಲ. ಹಲ್ಲಿಗೆ ಕೊಟ್ಟಳು. ಸರ್ ನಿಂತೇ ಇದ್ದರು.